ವಯೋವೃದ್ಧರ ದಂತಚಿಕಿತ್ಸೆ

ವಯೋವೃದ್ಧರ ದಂತಚಿಕಿತ್ಸೆಯು ಮುಪ್ಪಿನಲ್ಲಿರುವವರ ಹಲ್ಲು, ವಸಡು, ದವಡೆ ಮತ್ತು ಬಾಯಿಯ ಒಳಪದರದ ಆರೈಕೆಗೆ ಸಂಬಂಧಿಸಿದ ದಂತವೈದ್ಯಕೀಯದ ಒಂದು ವಿಭಾಗ. ಇದನ್ನು ಜೆರಿಯಾಟ್ರಿಕ್ ಡೆಂಟಿಸ್ಟ್ರಿ ಅಥವಾ ಜೆರೊಡಾಂಟಾಲಜಿ ಎಂದೂ ಕರೆಯುತ್ತಾರೆ. ಹುಳುಕು ತುಂಬುವುದು, ಹಲ್ಲು ಕೀಳುವುದು, ಹಲ್ಲು ಕಟ್ಟುವುದು ಮೊದಲಾದ ಕೆಲಸಗಳು ಎಲ್ಲ ವಯಸ್ಸಿನವರಲ್ಲೂ ಹೆಚ್ಚುಕಡಿಮೆ ಒಂದೇ. ಆದರೆ ಹೃದ್ರೋಗ, ಮಧುಮೇಹ, ಪಾರ್ಶ್ವವಾಯು, ಮೂತ್ರಪಿಂಡದ ವೈಫಲ್ಯ, ಮರೆಗುಳಿ ಕಾಯಿಲೆ ಇರುವವರಿಗೆ, ಹಾಸಿಗೆ ಹಿಡಿದವರಿಗೆ ಹಾಗೂ ಗಾಲಿಕುರ್ಚಿಯನ್ನು ಅವಲಂಬಿಸಿದವರಿಗೆ ಅದೇ ಕೆಲಸವನ್ನು ಎಲ್ಲಿ, ಯಾವಾಗ, ಯಾವ ಎಚ್ಚರಿಕೆಯೊಂದಿಗೆ ಮಾಡಬೇಕು ಎಂಬುದು ಬದಲಾಗುತ್ತದೆ. ಚಿಕಿತ್ಸೆ ಕಠಿಣವಾಗಿರುವುದಕ್ಕಿಂತ, ತಕ್ಕ ಸ್ಥಳ ತಿಳಿಯದೆ ಅದು ಮುಂದೂಡಲ್ಪಡುವುದೇ ಇಂಥವರಿಗೆ ಹೆಚ್ಚು ಹಾನಿಮಾಡುತ್ತದೆ. ಈ ಲೇಖನವು ಮುಖ್ಯವಾಗಿ ಕರ್ನಾಟಕದ ವ್ಯವಸ್ಥೆಯನ್ನು ಗಮನದಲ್ಲಿಟ್ಟುಕೊಂಡು ಈ ವಿಷಯವನ್ನು ವಿವರಿಸುತ್ತದೆ.

ಹಿನ್ನೆಲೆ

2011ರ ಜನಗಣತಿಯ ಪ್ರಕಾರ ಭಾರತದಲ್ಲಿ 60 ವರ್ಷ ಮತ್ತು ಅದಕ್ಕಿಂತ ಹೆಚ್ಚು ವಯಸ್ಸಾದವರ ಸಂಖ್ಯೆ ಸುಮಾರು 10.4 ಕೋಟಿ. ಕರ್ನಾಟಕದಲ್ಲಿ ಅದು ಸುಮಾರು 58 ಲಕ್ಷದಷ್ಟಿತ್ತು. ಹಿಂದಿನ ತಲೆಮಾರುಗಳಲ್ಲಿ ಮುಪ್ಪು ಮತ್ತು ಬೊಚ್ಚುಬಾಯಿ ಜೊತೆಜೊತೆಯಾಗಿಯೇ ಬರುವವೆಂಬ ನಂಬಿಕೆಯಿತ್ತು. ವಾಸ್ತವದಲ್ಲಿ ಹಲ್ಲು ಉದುರುವುದಕ್ಕೆ ವಯಸ್ಸು ಕಾರಣವಲ್ಲ. ಹುಳುಕು ಮತ್ತು ವಸಡಿನ ರೋಗಗಳು ಕಾರಣ. ಜಪಾನ್ 1989ರಲ್ಲಿ ‘8020’ ಎಂಬ ಆಂದೋಲನವನ್ನು ಆರಂಭಿಸಿತು. 80ನೆಯ ವಯಸ್ಸಿನಲ್ಲಿ ಕನಿಷ್ಠ 20 ಸ್ವಂತ ಹಲ್ಲುಗಳನ್ನು ಉಳಿಸಿಕೊಳ್ಳಬೇಕು ಎಂಬುದು ಅದರ ಗುರಿ. 2016ರ ವೇಳೆಗೆ ಆ ದೇಶದ 80ರ ಆಸುಪಾಸಿನವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಈ ಗುರಿಯನ್ನು ತಲುಪಿದ್ದರು.

ಹಲ್ಲುಗಳು ಹೆಚ್ಚು ಕಾಲ ಉಳಿಯತೊಡಗಿದಂತೆ ಹೊಸದೊಂದು ಸಮಸ್ಯೆಯೂ ಎದುರಾಗಿದೆ. ಹಲ್ಲೇ ಇಲ್ಲದವರಿಗೆ ಒಂದು ಹಲ್ಲಿನ ಸೆಟ್ಟು ಸಾಕಾಗುತ್ತಿತ್ತು. ಈಗ ಹತ್ತೋ ಹದಿನೈದೋ ಹಲ್ಲು, ಅವುಗಳ ಮೇಲೆ ಹಳೆಯ ಕ್ಯಾಪು, ಬ್ರಿಡ್ಜು, ರೂಟ್ ಕೆನಾಲ್ ಆದ ಹಲ್ಲು ಇವೆಲ್ಲವೂ ಇರುವ ವ್ಯಕ್ತಿ ಪಾರ್ಶ್ವವಾಯುವಿಗೆ ಒಳಗಾದಾಗ ತಾನೇ ಹಲ್ಲುಜ್ಜಿಕೊಳ್ಳಲಾರದೆ ಕೆಲವೇ ತಿಂಗಳುಗಳಲ್ಲಿ ಹಲವು ಹಲ್ಲುಗಳನ್ನು ಒಟ್ಟಿಗೆ ಹಾಳುಮಾಡಿಕೊಳ್ಳುವುದುಂಟು.

ಬಾಯಿಯ ತೊಂದರೆ ಮನೆಯವರ ಗಮನಕ್ಕೆ ತಡವಾಗಿ ಬರಲು ಊಟದ ಪದ್ಧತಿಯೂ ಒಂದು ಕಾರಣ. ರಾಗಿಮುದ್ದೆಯನ್ನು ಅಗಿಯದೆ ನುಂಗುವ ರೂಢಿಯಿರುವ ಕಡೆ ಹಲ್ಲಿನ ಕೊರತೆ ಬೇಗ ಎದ್ದುಕಾಣುವುದಿಲ್ಲ. ಜೋಳದ ರೊಟ್ಟಿಯ ಸೀಮೆಯಲ್ಲಿ ರೊಟ್ಟಿಯನ್ನು ಹಾಲಿನಲ್ಲಿ ಅಥವಾ ಸಾರಿನಲ್ಲಿ ನೆನೆಸಿ ತಿನ್ನತೊಡಗಿದಾಗ ಅದನ್ನು ವಯಸ್ಸಿನ ಸಹಜ ಬದಲಾವಣೆಯೆಂದು ತಿಳಿಯಲಾಗುತ್ತದೆ. ಕ್ರಮೇಣ ತರಕಾರಿ, ಹಣ್ಣು, ಕಾಳುಗಳು ತಟ್ಟೆಯಿಂದ ಮರೆಯಾಗಿ ಅನ್ನ, ಗಂಜಿ, ಬಿಸ್ಕತ್ತು ಮಾತ್ರ ಉಳಿಯುತ್ತವೆ. ಇದರಿಂದ ತೂಕ ಮತ್ತು ಶಕ್ತಿ ಕುಂದುವುದಲ್ಲದೆ ಮಧುಮೇಹಿಗಳಲ್ಲಿ ಸಕ್ಕರೆಯ ನಿಯಂತ್ರಣವೂ ತಪ್ಪಬಹುದು.

‘ಹಲ್ಲು ಕೀಳಿಸಿದರೆ ಕಣ್ಣು ಮಂದವಾಗುತ್ತದೆ’ ಎಂಬ ಮಾತು ಹಳ್ಳಿಗಳಲ್ಲೂ ನಗರಗಳಲ್ಲೂ ಕೇಳಿಬರುತ್ತದೆ. ಇದಕ್ಕೆ ಯಾವುದೇ ಆಧಾರವಿಲ್ಲ. ಎರಡೂ ಒಂದೇ ವಯಸ್ಸಿನಲ್ಲಿ ಸಂಭವಿಸುವುದರಿಂದ ಒಂದು ಇನ್ನೊಂದಕ್ಕೆ ಕಾರಣವೆಂದು ತೋರುತ್ತದೆ, ಅಷ್ಟೆ. ಆದರೆ ಈ ಅಂಜಿಕೆಯಿಂದಲೇ ಕೀವು ತುಂಬಿದ ಹಲ್ಲನ್ನು ವರ್ಷಗಟ್ಟಲೆ ಲವಂಗದ ಎಣ್ಣೆಯಲ್ಲೇ ಸಹಿಸಿಕೊಳ್ಳುವ ಹಿರಿಯರು ಕಡಿಮೆಯೇನಿಲ್ಲ.

ಬಾಯಿ ಒಣಗುವುದು

ಮುಪ್ಪಿನಲ್ಲಿ ಹಲ್ಲು ಹಾಳಾಗುವುದಕ್ಕೆ ಅತಿ ಸಾಮಾನ್ಯವಾದ, ಆದರೆ ಅಷ್ಟಾಗಿ ಗಮನಿಸದ ಕಾರಣ ಲಾಲಾರಸದ ಕೊರತೆ. ರಕ್ತದೊತ್ತಡಕ್ಕೆ ಕೊಡುವ, ಮೂತ್ರ ಹೆಚ್ಚಿಸುವ ಮಾತ್ರೆಗಳು, ಖಿನ್ನತೆಯ ಔಷಧಿಗಳು, ಅಲರ್ಜಿಯ ಮಾತ್ರೆಗಳು, ಮೂತ್ರ ತಡೆಯಲಾಗದ ತೊಂದರೆಗೆ ನೀಡುವ ಔಷಧಿಗಳು ಇವೆಲ್ಲ ಬಾಯನ್ನು ಒಣಗಿಸಬಲ್ಲವು. ತಲೆ ಮತ್ತು ಕತ್ತಿನ ಭಾಗಕ್ಕೆ ವಿಕಿರಣ ಚಿಕಿತ್ಸೆ ಪಡೆದವರಲ್ಲಿ ಈ ತೊಂದರೆ ತೀವ್ರವಾಗಿರುತ್ತದೆ. ಲಾಲಾರಸವು ಆಮ್ಲವನ್ನು ಶಮನಗೊಳಿಸಿ ಹಲ್ಲಿಗೆ ಖನಿಜಾಂಶವನ್ನು ಮರಳಿ ನೀಡುವ ದ್ರವ. ಅದು ಕಡಿಮೆಯಾದಾಗ, ವಸಡು ಹಿಂದೆ ಸರಿದು ತೆರೆದುಕೊಂಡ ಬೇರಿನ ಭಾಗದಲ್ಲಿ ಹುಳುಕು ವೇಗವಾಗಿ ಹಬ್ಬುತ್ತದೆ. ಕೆಲವೊಮ್ಮೆ ಹಲ್ಲು ವಸಡಿನ ಮಟ್ಟದಲ್ಲೇ ಮುರಿದುಹೋಗುತ್ತದೆ.

ಬಾಯಿ ಒಣಗುವವರು ಪೆಪ್ಪರಮಿಂಟನ್ನೋ ಕಲ್ಲುಸಕ್ಕರೆಯನ್ನೋ ಬಾಯಲ್ಲಿಟ್ಟುಕೊಳ್ಳುವುದು, ಗಂಟೆಗೊಮ್ಮೆ ಸಕ್ಕರೆ ಹಾಕಿದ ಕಾಫಿ ಗುಟುಕರಿಸುವುದು ಸಾಮಾನ್ಯ. ಇದು ಬೆಂಕಿಗೆ ತುಪ್ಪ ಸುರಿದಂತೆ. ನೀರನ್ನು ಗುಟುಕುಗುಟುಕಾಗಿ ಕುಡಿಯುವುದು, ಸಕ್ಕರೆರಹಿತ ಚ್ಯೂಯಿಂಗ್ ಗಮ್, ಕೃತಕ ಲಾಲಾರಸದ ಜೆಲ್ ಅಥವಾ ಸ್ಪ್ರೇ ಮೊದಲಾದವು ಸುರಕ್ಷಿತ ಉಪಾಯಗಳು. ಹೃದಯ ಅಥವಾ ಮೂತ್ರಪಿಂಡದ ರೋಗದಿಂದಾಗಿ ನೀರಿನ ಮಿತಿ ಹೇರಲಾದವರು ಈ ವಿಷಯದಲ್ಲಿ ತಮ್ಮ ವೈದ್ಯರ ಮಾತಿನಂತೆ ನಡೆಯಬೇಕು. ಬೇರಿನ ಹುಳುಕಿನ ಅಪಾಯ ಹೆಚ್ಚಿರುವವರಿಗೆ ದಂತವೈದ್ಯರು ಹೆಚ್ಚು ಫ್ಲೋರೈಡ್ ಇರುವ ಟೂತ್‌ಪೇಸ್ಟ್ ಅಥವಾ ಫ್ಲೋರೈಡ್ ವಾರ್ನಿಷ್ ಸೂಚಿಸುತ್ತಾರೆ.

ದಂತವೈದ್ಯರಿಗೆ ತಿಳಿಸಬೇಕಾದ ಕಾಯಿಲೆ ಮತ್ತು ಔಷಧಿಗಳು

ಹಿರಿಯರ ದಂತಚಿಕಿತ್ಸೆಯಲ್ಲಿ ಸಂಭವಿಸುವ ಗಂಭೀರ ಅನಾಹುತಗಳಲ್ಲಿ ಹಲವು ಮಾಹಿತಿಯ ಕೊರತೆಯಿಂದ ಆಗುವಂಥವು. ಹೃದಯದ ವೈದ್ಯರು ಒಂದು ಕಡೆ, ಸಕ್ಕರೆ ಕಾಯಿಲೆಯ ವೈದ್ಯರು ಇನ್ನೊಂದು ಕಡೆ, ದಂತವೈದ್ಯರು ಮತ್ತೊಂದು ಕಡೆ ಇರುವ ವ್ಯವಸ್ಥೆಯಲ್ಲಿ ಇವರ ನಡುವೆ ಸುದ್ದಿ ಒಯ್ಯುವ ಹೊಣೆ ಬಹುಮಟ್ಟಿಗೆ ಮನೆಯವರ ಮೇಲೆಯೇ ಬೀಳುತ್ತದೆ. ‘ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ’ ಎಂಬಷ್ಟು ಹೇಳಿದರೆ ಸಾಲದು. ಎಲ್ಲ ಔಷಧಿಗಳ ಚೀಟಿ, ಸಾಧ್ಯವಾದರೆ ಮಾತ್ರೆಗಳ ಪಟ್ಟಿಗಳನ್ನೇ ಒಂದು ಚೀಲದಲ್ಲಿ ಹಾಕಿಕೊಂಡು ಹೋಗುವುದು, ಇತ್ತೀಚಿನ ರಕ್ತಪರೀಕ್ಷೆಯ ವರದಿ, ಆಸ್ಪತ್ರೆಯಿಂದ ಬಿಡುಗಡೆಯಾದಾಗ ಕೊಟ್ಟ ಸಾರಾಂಶ ಇವನ್ನು ತೋರಿಸುವುದು ಅಗತ್ಯ.

ರಕ್ತ ಹೆಪ್ಪುಗಟ್ಟದಂತೆ ಮಾಡುವ ಔಷಧಿಗಳು ಇವುಗಳಲ್ಲಿ ಮೊದಲನೆಯವು. ಹೃದಯಾಘಾತ, ಸ್ಟೆಂಟ್, ಪಾರ್ಶ್ವವಾಯು ಆದವರು ಆಸ್ಪಿರಿನ್ ಅಥವಾ ಕ್ಲೊಪಿಡೊಗ್ರೆಲ್ ಸೇವಿಸುತ್ತಿರುತ್ತಾರೆ. ಹಲ್ಲು ಕೀಳಿಸುವ ಮುಂಚೆ ಮೂರೋ ಐದೋ ದಿನ ಇವನ್ನು ನಿಲ್ಲಿಸಬೇಕೆಂಬ ಹಳೆಯ ಸಲಹೆ ಜನರ ಬಾಯಲ್ಲಿ ಇನ್ನೂ ಉಳಿದಿದೆ. ಈಗಿನ ಮಾರ್ಗಸೂಚಿಗಳು ಇದನ್ನು ಒಪ್ಪುವುದಿಲ್ಲ. ಹಲ್ಲು ಕಿತ್ತ ಜಾಗದಿಂದ ಬರುವ ರಕ್ತವನ್ನು ಒತ್ತಿಹಿಡಿಯುವ ಹತ್ತಿ, ಹೊಲಿಗೆ, ರಕ್ತ ನಿಲ್ಲಿಸುವ ಸ್ಪಂಜು ಇವುಗಳಿಂದ ಸ್ಥಳದಲ್ಲೇ ತಡೆಯಬಹುದು. ಔಷಧಿ ನಿಲ್ಲಿಸಿದ್ದರಿಂದ ಸ್ಟೆಂಟಿನಲ್ಲಿ ಅಥವಾ ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿದರೆ ಆಗುವ ಹಾನಿಯನ್ನು ಮರಳಿ ಸರಿಪಡಿಸಲಾಗದು. ಆದ್ದರಿಂದ ಔಷಧಿ ಬರೆದ ವೈದ್ಯರ ಒಪ್ಪಿಗೆಯಿಲ್ಲದೆ ರೋಗಿಯಾಗಲಿ ಮನೆಯವರಾಗಲಿ ಇವನ್ನು ನಿಲ್ಲಿಸಬಾರದು.

ವಾರ್ಫರಿನ್ ಅಥವಾ ಅಸೆನೊಕೌಮರಾಲ್ ಸೇವಿಸುವವರಿಗೆ ಐಎನ್‌ಆರ್ ಎಂಬ ರಕ್ತಪರೀಕ್ಷೆಯನ್ನು ಚಿಕಿತ್ಸೆಯ ಹಿಂದಿನ ದಿನ ಅಥವಾ ಅದೇ ದಿನ ಮಾಡಿಸಲಾಗುತ್ತದೆ. ಅದು 4ಕ್ಕಿಂತ ಕಡಿಮೆಯಿದ್ದಲ್ಲಿ ಸರಳವಾದ ಹಲ್ಲು ಕೀಳುವಿಕೆಯನ್ನು ಔಷಧಿ ನಿಲ್ಲಿಸದೆಯೇ ಮಾಡಬಹುದೆಂದು ಬ್ರಿಟನ್ನಿನ ಮಾರ್ಗಸೂಚಿ ಹೇಳುತ್ತದೆ. ಕೆಲವು ವೈದ್ಯರು 3.5ರ ಮಿತಿಯನ್ನು ಪಾಲಿಸುತ್ತಾರೆ. ಇಂಥವರಿಗೆ ಹಲ್ಲುನೋವಿಗೆಂದು ಮೆಟ್ರೊನಿಡಜೋಲ್ ಮಾತ್ರೆಯನ್ನು ಅಂಗಡಿಯಿಂದ ತಂದುಕೊಡುವುದು ಅಪಾಯಕರ, ಏಕೆಂದರೆ ಅದು ವಾರ್ಫರಿನ್ನಿನ ಪರಿಣಾಮವನ್ನು ಹೆಚ್ಚಿಸಿ ರಕ್ತಸ್ರಾವಕ್ಕೆ ದಾರಿಮಾಡಬಲ್ಲದು. ಐಬುಪ್ರೊಫೆನ್, ಡೈಕ್ಲೋಫೆನಾಕ್‌ಗಳಂಥ ನೋವುನಿವಾರಕಗಳೂ ಈ ಔಷಧಿಯೊಂದಿಗೆ ಹೊಂದುವುದಿಲ್ಲ. ಮೂತ್ರಪಿಂಡದ ರೋಗ ಅಥವಾ ಹೃದಯ ವೈಫಲ್ಯ ಇರುವವರಿಗೂ ಅವು ಒಳ್ಳೆಯವಲ್ಲ. ಸಾಮಾನ್ಯವಾಗಿ ಪ್ಯಾರಾಸಿಟಮಾಲ್ ಹೆಚ್ಚು ಸುರಕ್ಷಿತವೆಂದು ಪರಿಗಣಿತವಾಗಿದೆ.

ಎರಡನೆಯದು ಮೂಳೆ ಸವೆತಕ್ಕೆ ನೀಡುವ ಔಷಧಿಗಳು. ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್ ಮಾತ್ರೆ, ವರ್ಷಕ್ಕೊಮ್ಮೆ ಕೊಡುವ ಜೊಲೆಡ್ರೊನಿಕ್ ಆಮ್ಲದ ಡ್ರಿಪ್, ಆರು ತಿಂಗಳಿಗೊಮ್ಮೆ ಕೊಡುವ ಡೆನೊಸುಮ್ಯಾಬ್ ಚುಚ್ಚುಮದ್ದು ಈ ಗುಂಪಿಗೆ ಸೇರುತ್ತವೆ. ಇವನ್ನು ಪಡೆದವರಲ್ಲಿ ಹಲ್ಲು ಕಿತ್ತ ಗಾಯ ಮಾಯದೆ ದವಡೆಯ ಮೂಳೆ ಕೊಳೆಯುವ ಸ್ಥಿತಿಯೊಂದು 2003ರಿಂದ ವರದಿಯಾಗುತ್ತಿದೆ. ಮೂಳೆ ಸವೆತಕ್ಕಾಗಿ ಕಡಿಮೆ ಪ್ರಮಾಣದಲ್ಲಿ ಪಡೆಯುವವರಿಗೆ ಈ ಅಪಾಯ ವಿರಳ. ಕ್ಯಾನ್ಸರ್ ಮೂಳೆಗೆ ಹರಡಿದಾಗ ಹೆಚ್ಚು ಪ್ರಮಾಣದಲ್ಲಿ ಪಡೆಯುವವರಿಗೆ ಹೆಚ್ಚು. ವರ್ಷಕ್ಕೊಮ್ಮೆ ಕೊಡುವ ಚುಚ್ಚುಮದ್ದನ್ನು ರೋಗಿಗಳು ‘ಔಷಧಿ’ ಎಂದು ಎಣಿಸದೆ ಮರೆತುಬಿಡುವುದರಿಂದ ದಂತವೈದ್ಯರು ಇದನ್ನು ಬಿಡಿಸಿ ಕೇಳಬೇಕಾಗುತ್ತದೆ. ಸಾಧ್ಯವಿದ್ದಲ್ಲಿ ಇಂಥ ಔಷಧಿಯನ್ನು ಆರಂಭಿಸುವ ಮೊದಲೇ ಕೀಳಬೇಕಾದ ಹಲ್ಲುಗಳನ್ನು ಕಿತ್ತು ಮುಗಿಸುವುದು ಉತ್ತಮ. ಡೆನೊಸುಮ್ಯಾಬನ್ನು ಮಾತ್ರ ಯಾರೂ ತಾವಾಗಿಯೇ ಮುಂದೂಡಬಾರದು; ನಡುವೆ ಬಿಟ್ಟರೆ ಬೆನ್ನುಮೂಳೆ ಮುರಿಯುವ ಸಂಭವ ಹೆಚ್ಚುತ್ತದೆ.

ಕೃತಕ ಹೃದಯ ಕವಾಟ ಇರುವವರಿಗೆ ಮತ್ತು ಹಿಂದೆ ಹೃದಯದ ಒಳಪದರಕ್ಕೆ ಸೋಂಕು ತಗುಲಿದವರಿಗೆ ಹಲ್ಲು ಕೀಳುವ ಅಥವಾ ವಸಡಿನ ಚಿಕಿತ್ಸೆಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ ಪ್ರತಿಜೀವಕವನ್ನು ಕೊಡಲಾಗುತ್ತದೆ. ಮಂಡಿ ಅಥವಾ ಸೊಂಟದ ಕೀಲು ಬದಲಾಯಿಸಿಕೊಂಡವರಿಗೆ ಇದು ಸಾಮಾನ್ಯವಾಗಿ ಬೇಕಾಗುವುದಿಲ್ಲ. ರಕ್ತದೊತ್ತಡ 180/110ಕ್ಕಿಂತ ಹೆಚ್ಚಿದ್ದರೆ ತುರ್ತಲ್ಲದ ಚಿಕಿತ್ಸೆಯನ್ನು ಮುಂದಕ್ಕೆ ಹಾಕುವುದು ವಾಡಿಕೆ. ರಕ್ತದೊತ್ತಡಕ್ಕೆ ಹೆಚ್ಚಾಗಿ ಬಳಕೆಯಲ್ಲಿರುವ ಆಮ್ಲೊಡಿಪಿನ್ ಕೆಲವರಲ್ಲಿ ವಸಡು ಊದಿ ಬೆಳೆಯುವಂತೆ ಮಾಡುತ್ತದೆ. ಆಗ ಔಷಧಿ ಬದಲಾಯಿಸಲು ಸಾಧ್ಯವೇ ಎಂದು ದಂತವೈದ್ಯರು ಮೂಲ ವೈದ್ಯರನ್ನು ಕೇಳುತ್ತಾರೆ.

ಮಧುಮೇಹಿಗಳು ಹಲ್ಲು ಕೀಳಿಸಲು ಹಸಿದ ಹೊಟ್ಟೆಯಲ್ಲಿ ಹೋಗುವುದು ಸರಿಯಲ್ಲ. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು, ತಿಂಡಿ ತಿಂದು, ಬೆಳಗಿನ ಹೊತ್ತು ಹೋಗಬೇಕು. ಹಸಿದಿದ್ದರೆ ಕುರ್ಚಿಯಲ್ಲೇ ಸಕ್ಕರೆ ಇಳಿದು ಬೆವರು, ನಡುಕ, ಗೊಂದಲ ಕಾಣಿಸಿಕೊಳ್ಳಬಹುದು. ಡಯಾಲಿಸಿಸ್ ಪಡೆಯುವವರಿಗೆ ಡಯಾಲಿಸಿಸ್ ಆದ ಮರುದಿನ ಸೂಕ್ತ. ಅದೇ ದಿನ ಹೆಪಾರಿನ್ನಿನ ಪ್ರಭಾವ ಉಳಿದಿರುತ್ತದೆ. ಫಿಸ್ಟುಲಾ ಇರುವ ಕೈಗೆ ರಕ್ತದೊತ್ತಡದ ಪಟ್ಟಿ ಕಟ್ಟಬಾರದೆಂದು ಮೊದಲೇ ಹೇಳಬೇಕು. ಪಾರ್ಕಿನ್ಸನ್ ರೋಗಿಗಳನ್ನು ಅವರ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತಿರುವ ವೇಳೆಯಲ್ಲಿ, ಅಂದರೆ ಸಾಮಾನ್ಯವಾಗಿ ಮಾತ್ರೆ ನುಂಗಿದ ಒಂದು, ಒಂದೂವರೆ ಗಂಟೆಯೊಳಗೆ, ಕುರ್ಚಿಗೆ ಕೂರಿಸಿದರೆ ನಡುಕ ಕಡಿಮೆಯಿರುತ್ತದೆ.

ಎಲ್ಲಿ ಹುಡುಕಬೇಕು

ಭಾರತದಲ್ಲಿ ದಂತವೈದ್ಯಕೀಯದ ಸ್ನಾತಕೋತ್ತರ ಪದವಿ, ಅಂದರೆ ಎಂಡಿಎಸ್, ಒಂಬತ್ತು ಶಾಖೆಗಳಲ್ಲಿ ದೊರೆಯುತ್ತದೆ. ವೃದ್ಧರ ದಂತಚಿಕಿತ್ಸೆ ಅವುಗಳಲ್ಲಿ ಒಂದಲ್ಲ. ಹೀಗಾಗಿ ‘ವೃದ್ಧರ ದಂತವೈದ್ಯ’ ಎಂಬ ಫಲಕವನ್ನು ಹುಡುಕುತ್ತ ಹೋದರೆ ಸಿಗುವುದು ಅಪರೂಪ. ಬೇಕಾದ ಕೆಲಸ ಯಾವುದೆಂಬುದನ್ನು ನೋಡಿ ಶಾಖೆಯನ್ನು ಆಯ್ದುಕೊಳ್ಳಬೇಕು. ಹಲ್ಲಿನ ಸೆಟ್ಟಿಗೆ ಪ್ರಾಸ್ತೊಡಾಂಟಿಕ್ಸ್, ಬಾಯಿಹುಣ್ಣು, ಉರಿ ಮತ್ತು ಒಣಬಾಯಿಗೆ ಓರಲ್ ಮೆಡಿಸಿನ್, ಹೃದಯ ಅಥವಾ ರಕ್ತದ ತೊಂದರೆಯಿರುವವರ ಹಲ್ಲು ಕೀಳಲು ಬಾಯಿ ಮತ್ತು ಮುಖದ ಶಸ್ತ್ರಚಿಕಿತ್ಸಾ ವಿಭಾಗ, ಶಿಬಿರ ಮತ್ತು ಸಂಚಾರಿ ಘಟಕಗಳಿಗೆ ಸಾರ್ವಜನಿಕ ದಂತ ಆರೋಗ್ಯ ವಿಭಾಗ.

ಆರೋಗ್ಯ ಸ್ಥಿರವಾಗಿದ್ದು ನಡೆದಾಡಬಲ್ಲವರಿಗೆ ಮನೆಯ ಹತ್ತಿರದ ದಂತ ಚಿಕಿತ್ಸಾಲಯವೇ ಸಾಕು. ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ಜಿಲ್ಲಾಸ್ಪತ್ರೆಗಳಲ್ಲಿಯೂ ದಂತ ವಿಭಾಗಗಳಿವೆ. ಪರೀಕ್ಷೆ, ಹಲ್ಲು ಕೀಳುವುದು, ಸರಳ ಫಿಲ್ಲಿಂಗ್ ಅಲ್ಲಿ ನಡೆಯುತ್ತವೆ. ಹೃದಯಾಘಾತವಾಗಿ ಹೆಚ್ಚು ದಿನಗಳಾಗದವರು, ಎರಡೆರಡು ರಕ್ತ ತೆಳುವಾಗಿಸುವ ಔಷಧಿ ಸೇವಿಸುವವರು, ಆಮ್ಲಜನಕದ ನೆರವಿನಲ್ಲಿರುವವರು ಇಂಥವರಿಗೆ ವೈದ್ಯರೂ ತುರ್ತು ಸೌಲಭ್ಯವೂ ಒಂದೇ ಆವರಣದಲ್ಲಿರುವ ಆಸ್ಪತ್ರೆಯೇ ತಕ್ಕುದು. ಒಂಟಿ ಚಿಕಿತ್ಸಾಲಯವೊಂದು ಇಂಥ ರೋಗಿಯನ್ನು ಆಸ್ಪತ್ರೆಗೆ ಕಳುಹಿಸಿದರೆ ಅದನ್ನು ನಿರಾಕರಣೆಯೆಂದು ತಿಳಿಯಬೇಕಾಗಿಲ್ಲ. ಹೆಚ್ಚಿನ ಸಂದರ್ಭಗಳಲ್ಲಿ ಅದು ವಿವೇಕದ ನಡೆ.

ದೇಶದಲ್ಲಿ ಅತಿ ಹೆಚ್ಚು ದಂತ ಕಾಲೇಜುಗಳಿರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 1958ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಸರ್ಕಾರಿ ದಂತ ಕಾಲೇಜು, 1965ರಲ್ಲಿ ಆರಂಭವಾದ ಮಣಿಪಾಲದ ದಂತ ಕಾಲೇಜು, 1979ರ ದಾವಣಗೆರೆಯ ಬಾಪೂಜಿ ದಂತ ಕಾಲೇಜು ಇವು ಹಳೆಯವು. ಧಾರವಾಡ, ಬೆಳಗಾವಿ, ಮೈಸೂರು, ಮಂಗಳೂರುಗಳಲ್ಲಿಯೂ ಬೋಧನಾ ಆಸ್ಪತ್ರೆಗಳಿವೆ. ಇವುಗಳಲ್ಲಿ ಎಲ್ಲ ಶಾಖೆಗಳೂ ಒಂದೇ ಸೂರಿನಡಿ ದೊರೆಯುವುದು ಮತ್ತು ವೆಚ್ಚ ಖಾಸಗಿ ಚಿಕಿತ್ಸಾಲಯಗಳಿಗಿಂತ ಬಹಳ ಕಡಿಮೆಯಿರುವುದು ದೊಡ್ಡ ಅನುಕೂಲ. ಇನ್ನೊಂದು ಮುಖವೂ ಇದೆ. ಕೆಲಸವನ್ನು ವಿದ್ಯಾರ್ಥಿಗಳು ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಮಾಡುವುದರಿಂದ ಪ್ರತಿ ಹಂತಕ್ಕೂ ಸಮಯ ಹಿಡಿಯುತ್ತದೆ, ಹಲವು ಬಾರಿ ಓಡಾಡಬೇಕಾಗುತ್ತದೆ. ಮೂರು ಗಂಟೆ ಬೆಂಚಿನ ಮೇಲೆ ಕೂರಲಾಗದ ವ್ಯಕ್ತಿಗೆ ಅಗ್ಗದ ಚಿಕಿತ್ಸೆಯೂ ದುಬಾರಿಯಾಗಿ ಪರಿಣಮಿಸಬಹುದು. ನೋಂದಣಿಯ ಕಿಟಕಿಯಲ್ಲೇ ರೋಗಿಯ ಸ್ಥಿತಿಯನ್ನು ತಿಳಿಸಿ ಒಂದೇ ಭೇಟಿಯಲ್ಲಿ ಆದಷ್ಟು ಕೆಲಸ ಮುಗಿಸಿಕೊಡುವಂತೆ ಕೇಳಿಕೊಳ್ಳಬಹುದು. ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ, 2007, ಸರ್ಕಾರಿ ಆಸ್ಪತ್ರೆಗಳಲ್ಲಿ ಹಿರಿಯ ನಾಗರಿಕರಿಗೆ ಪ್ರತ್ಯೇಕ ಸರತಿ ಸಾಲು ಇರಬೇಕೆಂದು ಹೇಳುತ್ತದೆ.

ಮೊದಲು ರೋಗಿಯಿಲ್ಲದೆ ಮನೆಯವರೊಬ್ಬರೇ ಹೋಗಿ ನೋಡಿಬರುವುದು ಅನೇಕ ವೇಳೆ ಉಪಯುಕ್ತ. ಚಿಕಿತ್ಸಾಲಯ ಮೊದಲ ಮಹಡಿಯಲ್ಲಿದ್ದು ಲಿಫ್ಟ್ ಇಲ್ಲದಿರುವುದು, ಬಾಗಿಲಲ್ಲಿ ಮೂರು ಮೆಟ್ಟಿಲಿರುವುದು, ಗಾಲಿಕುರ್ಚಿ ತಿರುಗಿಸಲಾಗದಷ್ಟು ಕಿರಿದಾದ ಕೋಣೆ, ಇಳಿಸಲು ವಾಹನ ನಿಲ್ಲಿಸಲಾಗದ ರಸ್ತೆ ಇವು ದೂರವಾಣಿಯಲ್ಲಿ ತಿಳಿಯುವುದಿಲ್ಲ. ಪಾರ್ಶ್ವವಾಯುವಾದವರನ್ನು ದಂತಕುರ್ಚಿಗೆ ಸ್ಥಳಾಂತರಿಸುವಾಗ ಬಲವಿರುವ ಕಡೆಯಿಂದ ಸರಿಸಬೇಕು. ಸ್ಥಳಾಂತರ ಸಾಧ್ಯವಾಗದಿದ್ದರೆ ಗಾಲಿಕುರ್ಚಿಯಲ್ಲೇ ತಲೆಗೆ ಆಧಾರ ಕೊಟ್ಟು ಹಲವು ಕೆಲಸಗಳನ್ನು ಮಾಡಬಹುದು. ಹೃದಯ ವೈಫಲ್ಯ ಅಥವಾ ಉಬ್ಬಸ ಇರುವವರನ್ನು ಪೂರ್ತಿ ಮಲಗಿಸಬಾರದು. ಚಿಕಿತ್ಸೆ ಮುಗಿದ ಮೇಲೆ ಕುರ್ಚಿಯನ್ನು ಎತ್ತಿ ಒಂದೆರಡು ನಿಮಿಷ ಕೂರಿಸಿ ಆಮೇಲೆ ನಿಲ್ಲಿಸಬೇಕು, ಇಲ್ಲವಾದರೆ ರಕ್ತದೊತ್ತಡ ಇಳಿದು ಕುಸಿದುಬೀಳುವ ಭಯವಿದೆ.

ಮನೆಯಲ್ಲೇ ಚಿಕಿತ್ಸೆ

ಜಪಾನಿನಲ್ಲಿ ಮನೆಗೆ ಬರುವ ದಂತವೈದ್ಯರ ಸೇವೆ ವಿಮಾ ವ್ಯವಸ್ಥೆಯ ಭಾಗವಾಗಿದೆ. ಕರ್ನಾಟಕದಲ್ಲಿ ಅಂಥ ಏರ್ಪಾಡು ಇಲ್ಲ. ಬೆಂಗಳೂರಿನಂಥ ನಗರಗಳಲ್ಲಿ ಕೆಲವು ಖಾಸಗಿ ದಂತವೈದ್ಯರು ಸಾಗಿಸಬಹುದಾದ ಉಪಕರಣಗಳೊಂದಿಗೆ ಮನೆಗೆ ಬರುತ್ತಾರೆ. ಉಳಿದೆಡೆ ದಂತ ಕಾಲೇಜುಗಳ ಸಂಚಾರಿ ವಾಹನಗಳು ಶಿಬಿರಗಳಿಗೆ ಮತ್ತು ವೃದ್ಧಾಶ್ರಮಗಳಿಗೆ ಬರುವುದುಂಟು. ಇವುಗಳ ದಿನಾಂಕವನ್ನು ಕಾಲೇಜಿನ ಸಾರ್ವಜನಿಕ ದಂತ ಆರೋಗ್ಯ ವಿಭಾಗದಲ್ಲಿಯೋ ಆಶಾ ಕಾರ್ಯಕರ್ತೆಯರಲ್ಲಿಯೋ ವಿಚಾರಿಸಬಹುದು. ಪರಿಚಯದ ಕುಟುಂಬ ದಂತವೈದ್ಯರನ್ನು ನೇರವಾಗಿ ಕೇಳಿದರೆ ಒಂದು ಸಂಜೆ ಬಂದು ನೋಡಿಹೋಗಲು ಒಪ್ಪುವವರೂ ಇದ್ದಾರೆ. ಹಿರಿಯ ನಾಗರಿಕರಿಗಾಗಿ ಇರುವ 14567 ಎಂಬ ರಾಷ್ಟ್ರೀಯ ಉಚಿತ ಸಹಾಯವಾಣಿಯಿಂದಲೂ ಮಾಹಿತಿ ಕೇಳಬಹುದು.

ಬಾಯಿಯ ಪರೀಕ್ಷೆ, ಹಲ್ಲಿನ ಸೆಟ್ಟಿಗೆ ಅಳತೆ ತೆಗೆಯುವುದು, ಸಡಿಲವಾದ ಸೆಟ್ಟನ್ನು ಸರಿಪಡಿಸುವುದು, ಅಲುಗಾಡುವ ಹಲ್ಲನ್ನು ತೆಗೆಯುವುದು, ಚೂಪಾದ ಅಂಚನ್ನು ಉಜ್ಜಿ ನಯಗೊಳಿಸುವುದು ಮನೆಯಲ್ಲೇ ಆಗುವ ಕೆಲಸಗಳು. ಡ್ರಿಲ್ ಬಳಸದೆ ಕೈ ಉಪಕರಣದಿಂದಲೇ ಹುಳುಕನ್ನು ಕೆರೆದು ಗ್ಲಾಸ್ ಅಯಾನೊಮರ್ ಸಿಮೆಂಟ್ ತುಂಬುವ ಎಆರ್‌ಟಿ ವಿಧಾನ ಇಂಥ ಸಂದರ್ಭಕ್ಕೆ ಹೇಳಿಮಾಡಿಸಿದಂತಿದೆ. 38 ಶೇಕಡಾ ಸಿಲ್ವರ್ ಡೈಅಮೀನ್ ಫ್ಲೋರೈಡ್ ಎಂಬ ದ್ರವವನ್ನು ಹುಳುಕಿಗೆ ಲೇಪಿಸಿದರೆ ಅದು ಮುಂದುವರಿಯುವುದು ನಿಲ್ಲಬಹುದು. ಆ ಜಾಗ ಶಾಶ್ವತವಾಗಿ ಕಪ್ಪಾಗುತ್ತದೆ ಎಂಬುದನ್ನು ಮೊದಲೇ ತಿಳಿಸಿರಬೇಕು. ದವಡೆಯಲ್ಲಿ ಹೂತ ಹಲ್ಲನ್ನು ತೆಗೆಯುವುದು, ಮುಖ ಊದಿಕೊಂಡ ಸೋಂಕು, ರಕ್ತಸ್ರಾವದ ಸಂಭವ ಹೆಚ್ಚಿರುವ ಕೆಲಸಗಳನ್ನು ಮನೆಯಲ್ಲಿ ಮಾಡಬಾರದು. ಕತ್ತಿನವರೆಗೆ ಊತ ಇಳಿದಿದ್ದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾಗುತ್ತಿದ್ದರೆ ದಂತ ಚಿಕಿತ್ಸಾಲಯವನ್ನು ಹುಡುಕುತ್ತ ಕೂರದೆ ನೇರವಾಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಒಯ್ಯಬೇಕು.

ಮರೆಗುಳಿ ಕಾಯಿಲೆ ಇರುವವರು

ಡಿಮೆನ್ಷಿಯಾ ಇರುವವರು ಹಲ್ಲುನೋವನ್ನು ಹೇಳಿಕೊಳ್ಳಲಾರರು. ಊಟದ ತಟ್ಟೆಯನ್ನು ದೂಡುವುದು, ಒಂದೇ ಕಡೆ ಅಗಿಯುವುದು, ಕೆನ್ನೆಯನ್ನು ಹಿಡಿದುಕೊಳ್ಳುವುದು, ಇದ್ದಕ್ಕಿದ್ದಂತೆ ಸಿಡುಕುವುದು, ಸೆಟ್ಟನ್ನು ಹಾಕಿಸಿಕೊಳ್ಳಲು ಒಪ್ಪದಿರುವುದು ಇವೇ ಅವರ ಮಾತು. ‘ಹಠ ಮಾಡುತ್ತಾರೆ’ ಎಂದು ಬಗೆದು ನಿದ್ರೆಮಾತ್ರೆಯನ್ನು ಹೆಚ್ಚಿಸುವ ಮೊದಲು ಟಾರ್ಚ್ ಹಿಡಿದು ಬಾಯಿಯೊಳಗೆ ನೋಡುವುದು ಒಳ್ಳೆಯದು.

ರೋಗ ಗುರುತಿಸಿದ ಕೂಡಲೇ, ರೋಗಿ ಇನ್ನೂ ಸಹಕರಿಸುವ ಸ್ಥಿತಿಯಲ್ಲಿರುವಾಗ, ಬಾಕಿಯಿರುವ ಹಲ್ಲಿನ ಕೆಲಸಗಳನ್ನು ಮುಗಿಸಿಬಿಡುವುದು ಸೂಕ್ತ. ಹೊಸ ಸೆಟ್ಟಿಗೆ ಹೊಂದಿಕೊಳ್ಳುವ ಶಕ್ತಿ ರೋಗ ಬೆಳೆದಂತೆ ಕಡಿಮೆಯಾಗುತ್ತದೆ. ಆದ್ದರಿಂದ ಹಳೆಯ ಸೆಟ್ಟಿನ ಆಕಾರವನ್ನೇ ಅನುಸರಿಸಿ ಹೊಸದನ್ನು ಮಾಡಿಸುವುದುಂಟು. ಭೇಟಿಯನ್ನು ಬೆಳಗಿನ ಹೊತ್ತಿಗೆ ನಿಗದಿಪಡಿಸಿ, ಅವರಿಗೆ ಪರಿಚಿತರಾದವರೊಬ್ಬರು ಕೈಹಿಡಿದು ಪಕ್ಕದಲ್ಲಿದ್ದು, ಒಬ್ಬರೇ ಮಾತಾಡಬೇಕು. ಜೀವನದ ಕೊನೆಯವರೆಗೂ ಉಳಿಯುವುದು ಮಾತೃಭಾಷೆ. ಅನೇಕ ವರ್ಷ ಪರಊರುಗಳಲ್ಲಿ ಇಂಗ್ಲಿಷ್ ಅಥವಾ ಹಿಂದಿ ಬಳಸಿದವರೂ ಈ ಹಂತದಲ್ಲಿ ಕನ್ನಡಕ್ಕೋ ತುಳುವಿಗೋ ಕೊಂಕಣಿಗೋ ಹೆಚ್ಚು ಸ್ಪಂದಿಸಬಹುದು. ವೃದ್ಧಾಶ್ರಮದಲ್ಲಿರುವವರ ಸೆಟ್ಟಿನ ಮೇಲೆ ಹೆಸರನ್ನು ಗುರುತಿಸಿಡುವುದರಿಂದ ಅದಲುಬದಲಾಗುವುದು ತಪ್ಪುತ್ತದೆ.

ಹಲ್ಲಿನ ಸೆಟ್ಟು ಮತ್ತು ದಂತಭಾಗ್ಯ ಯೋಜನೆ

ಹಲ್ಲು ಹೋದ ಮೇಲೆ ದವಡೆಯ ಮೂಳೆ ನಿಧಾನವಾಗಿ ಸವೆಯುತ್ತದೆ. ಹತ್ತು ವರ್ಷದ ಹಿಂದೆ ಸರಿಯಾಗಿ ಕೂರುತ್ತಿದ್ದ ಸೆಟ್ಟು ಈಗ ಸಡಿಲವಾಗಿದ್ದರೆ ಬದಲಾಗಿರುವುದು ಸೆಟ್ಟಲ್ಲ, ದವಡೆ. ಒಳಭಾಗಕ್ಕೆ ಹೊಸ ಪದರ ಹಾಕಿ ಇದನ್ನು ಸರಿಪಡಿಸಬಹುದು. ಮುರಿದ ಸೆಟ್ಟಿಗೆ ಮನೆಯಲ್ಲಿ ಫೆವಿಕ್ವಿಕ್ ಹಚ್ಚಿದರೆ ತುಂಡುಗಳು ಓರೆಯಾಗಿ ಅಂಟಿ ದುರಸ್ತಿಯೇ ಅಸಾಧ್ಯವಾಗಬಹುದು. ರಾತ್ರಿ ಸೆಟ್ಟನ್ನು ತೆಗೆದು, ಉಜ್ಜಿ ತೊಳೆದು, ತಣ್ಣೀರಿನಲ್ಲಿಡಬೇಕು. ಕುದಿನೀರಿನಲ್ಲಿ ಅದರ ಆಕಾರ ಕೆಡುತ್ತದೆ.

ಬಡತನ ರೇಖೆಗಿಂತ ಕೆಳಗಿರುವ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ಟನ್ನು ಒದಗಿಸುವ ದಂತಭಾಗ್ಯ ಯೋಜನೆಯನ್ನು ಕರ್ನಾಟಕ ಸರ್ಕಾರ 2014–15ರಲ್ಲಿ ಜಾರಿಗೆ ತಂದಿತು. ಆರಂಭದಲ್ಲಿ ಇದು 60 ವರ್ಷ ಮೀರಿದವರಿಗೆ ಮೀಸಲಾಗಿತ್ತು. ನಂತರ ವಯೋಮಿತಿಯನ್ನು 45ಕ್ಕೆ ಇಳಿಸಲಾಯಿತು. ದಂತ ಕಾಲೇಜುಗಳ ಸಹಯೋಗದಲ್ಲಿ ಇದು ನಡೆಯುತ್ತದೆ. ಬಿಪಿಎಲ್ ಪಡಿತರ ಚೀಟಿ ಮುಖ್ಯ ದಾಖಲೆ. ಸೆಟ್ಟು ತಯಾರಾಗಲು ಅಳತೆ, ಕಚ್ಚುವಿಕೆಯ ದಾಖಲೆ, ಪರಿಶೀಲನೆ, ಅಳವಡಿಕೆ ಎಂದು ಹಲವು ಭೇಟಿಗಳು ಬೇಕಾಗುವುದರಿಂದ ದೂರದ ತಾಲ್ಲೂಕುಗಳವರಿಗೆ ಬಸ್ಸಿನ ಖರ್ಚು ಮತ್ತು ಜೊತೆಗೆ ಬರುವವರ ಕೂಲಿಯ ನಷ್ಟವೇ ನಿಜವಾದ ವೆಚ್ಚವಾಗುತ್ತದೆ.

ವೆಚ್ಚ ಮತ್ತು ವಿಮೆ

ಆಯುಷ್ಮಾನ್ ಭಾರತ್ ಯೋಜನೆಯನ್ನು 2024ರ ಅಕ್ಟೋಬರಿನಲ್ಲಿ 70 ವರ್ಷ ಮತ್ತು ಅದಕ್ಕಿಂತ ಹೆಚ್ಚು ವಯಸ್ಸಿನ ಎಲ್ಲರಿಗೂ ವಿಸ್ತರಿಸಲಾಯಿತು. ಆದರೆ ಇದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾಗುವ ಚಿಕಿತ್ಸೆಗೆ ಸಂಬಂಧಿಸಿದ್ದು. ಹೊರರೋಗಿಯಾಗಿ ಹುಳುಕು ತುಂಬಿಸುವುದು, ಸೆಟ್ಟು ಕಟ್ಟಿಸುವುದು ಇದರಡಿ ಬರುವುದಿಲ್ಲ. ಖಾಸಗಿ ವಿಮೆಗಳಲ್ಲಿ ಹೆಚ್ಚಿನವು ಅಪಘಾತದಿಂದಾದ ಹಾನಿಯ ಹೊರತು ಹಲ್ಲಿನ ಚಿಕಿತ್ಸೆಯನ್ನು ಬಿಟ್ಟುಬಿಡುತ್ತವೆ. ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಆರು ತಿಂಗಳ ಮಟ್ಟಿಗೆ ಹೊರಡುವ ತಂದೆತಾಯಿಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ಪ್ರವಾಸ ವಿಮೆ ಸಾಮಾನ್ಯವಾಗಿ ಹಠಾತ್ ನೋವಿನ ಶಮನಕ್ಕಷ್ಟೇ ಸೀಮಿತ. ಅಲ್ಲಿ ಒಂದು ರೂಟ್ ಕೆನಾಲಿಗೆ ತಗಲುವ ಹಣ ಇಲ್ಲಿಯದಕ್ಕಿಂತ ಹಲವು ಪಟ್ಟು ಹೆಚ್ಚು. ಆದ್ದರಿಂದ ವಿಮಾನ ಹತ್ತುವ ತಿಂಗಳೆರಡು ತಿಂಗಳ ಮುಂಚೆಯೇ ಹಲ್ಲು ತೋರಿಸಿಕೊಳ್ಳುವುದು ಲೇಸು.

ನೋಂದಣಿಯಿಲ್ಲದವರಿಂದಾಗುವ ಅಪಾಯ

ಓಡಾಡಲಾಗದವರ ಮನೆಬಾಗಿಲಿಗೆ, ಸಂತೆಗೆ, ಜಾತ್ರೆಗೆ ಬಂದು ಅಗ್ಗದಲ್ಲಿ ‘ಫಿಕ್ಸ್’ ಹಲ್ಲು ಕಟ್ಟಿಕೊಡುವ ಅರ್ಹತೆಯಿಲ್ಲದ ಜನರಿದ್ದಾರೆ. ಅವರು ಬಾಯಿಯೊಳಗೇ ಗಟ್ಟಿಯಾಗುವ ಅಕ್ರಿಲಿಕ್ಕನ್ನು ಉಳಿದ ಹಲ್ಲುಗಳಿಗೆ ತಂತಿಯಿಂದ ಬಿಗಿದು ಅಂಟಿಸುತ್ತಾರೆ. ತೆಗೆಯಲಾಗದ, ತೊಳೆಯಲಾಗದ ಆ ತುಂಡಿನ ಕೆಳಗೆ ವಸಡು ಕೊಳೆತು, ಚೆನ್ನಾಗಿದ್ದ ಹಲ್ಲುಗಳೂ ಸಡಿಲಗೊಳ್ಳುತ್ತವೆ. ದಂತವೈದ್ಯರು ರಾಜ್ಯ ದಂತ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರುವುದು ಕಡ್ಡಾಯ. ನೋಂದಣಿ ಸಂಖ್ಯೆಯನ್ನು ಕೇಳುವುದು ಅವಿನಯವಲ್ಲ.

ತಂಬಾಕು ಮತ್ತು ಮಾಯದ ಹುಣ್ಣು

ಎಲೆಅಡಿಕೆಯೊಂದಿಗೆ ಹೊಗೆಸೊಪ್ಪು ಮೆಲ್ಲುವ, ನಶ್ಯದಿಂದ ಹಲ್ಲುಜ್ಜುವ ಅಭ್ಯಾಸ ಹಿರಿಯರಲ್ಲಿ, ಅದರಲ್ಲೂ ಗ್ರಾಮೀಣ ಮಹಿಳೆಯರಲ್ಲಿ ಕಂಡುಬರುತ್ತದೆ. ಎರಡು ವಾರಗಳಾದರೂ ಮಾಯದ ಹುಣ್ಣು, ಬಿಳಿಯ ಅಥವಾ ಕೆಂಪು ಮಚ್ಚೆ, ಕತ್ತಿನಲ್ಲಿ ಗಂಟು, ಬಾಯಿ ತೆರೆಯಲು ಬಿಗಿತ ಕಂಡುಬಂದಲ್ಲಿ ಕ್ಯಾನ್ಸರಿನ ಸಂಶಯವನ್ನು ಪರೀಕ್ಷೆಯಿಂದ ಪರಿಹರಿಸಿಕೊಳ್ಳಬೇಕು. ಸೆಟ್ಟು ಒತ್ತಿ ಆದ ಹುಣ್ಣೆಂದು ತಿಳಿದು ತಿಂಗಳುಗಟ್ಟಲೆ ಕಾಯುವುದು ಆಗಾಗ ನಡೆಯುವ ಪ್ರಮಾದ. ಸೆಟ್ಟನ್ನು ತೆಗೆದಿಟ್ಟ ಎರಡು ವಾರಗಳಲ್ಲಿ ಅಂಥ ಹುಣ್ಣು ಮಾಯಬೇಕು.

ಹಾಸಿಗೆ ಹಿಡಿದವರ ಬಾಯಿಯ ಆರೈಕೆ

ಬಾಯಿಯಲ್ಲಿನ ಬ್ಯಾಕ್ಟೀರಿಯಾ ಉಸಿರಿನೊಂದಿಗೆ ಶ್ವಾಸಕೋಶಕ್ಕೆ ಸೇರಿ ನ್ಯುಮೋನಿಯಾ ಉಂಟುಮಾಡಬಲ್ಲದು. ಶುಶ್ರೂಷಾಲಯಗಳ ವೃದ್ಧರಲ್ಲಿ ನಿಯತವಾಗಿ ಬಾಯಿ ಸ್ವಚ್ಛಗೊಳಿಸಿದರೆ ನ್ಯುಮೋನಿಯಾ ಕಡಿಮೆಯಾಗುತ್ತದೆಂದು 1999 ಮತ್ತು 2002ರಲ್ಲಿ ಪ್ರಕಟವಾದ ಜಪಾನಿನ ಸಂಶೋಧನೆ ತೋರಿಸಿತು. ಹೀಗಾಗಿ ಇದು ಅಂದಚೆಂದದ ವಿಷಯವಲ್ಲ.

ರೋಗಿಯ ತಲೆಭಾಗವನ್ನು ಎತ್ತರಿಸಿ, ಮುಖವನ್ನು ಒಂದು ಕಡೆಗೆ ತಿರುಗಿಸಿ, ಮೃದುವಾದ ಚಿಕ್ಕ ಬ್ರಷ್ಷಿನಿಂದ ತೆಳುವಾಗಿ ಪೇಸ್ಟ್ ಹಚ್ಚಿ ಉಜ್ಜಬೇಕು. ಬಾಯಿ ಮುಕ್ಕಳಿಸಲಾಗದವರಿಗೆ ನೀರು ಸುರಿಯದೆ, ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ಬೆರಳಿಡುವುದು ಅಪಾಯ. ಪಾರ್ಶ್ವವಾಯುವಾದವರಲ್ಲಿ ಸ್ವಾಧೀನವಿಲ್ಲದ ಕಡೆಯ ಕೆನ್ನೆಯೊಳಗೆ ಅನ್ನದ ಅಗುಳು ಊಟವಾದ ಗಂಟೆಗಳ ನಂತರವೂ ಉಳಿದಿರುತ್ತದೆ. ಅದನ್ನು ಪ್ರತಿ ಊಟದ ನಂತರ ತೆಗೆಯಬೇಕು. ಬ್ರಷ್ಷಿನ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಟ್ಟರೆ ಕೈಬೆರಳುಗಳ ಬಿಗಿ ಕಡಿಮೆಯಾದವರು ತಾವೇ ಉಜ್ಜಿಕೊಳ್ಳಬಲ್ಲರು. ಮೂಗಿನ ನಳಿಗೆಯಿಂದ ಆಹಾರ ಪಡೆಯುವವರ ಬಾಯಿಗೆ ಅನ್ನ ತಾಗುವುದಿಲ್ಲವೆಂದು ಅದನ್ನು ಸ್ವಚ್ಛಗೊಳಿಸದೆ ಬಿಡುವ ರೂಢಿಯಿದೆ. ಲಾಲಾರಸದ ಹರಿವು ನಿಂತಂಥ ಆ ಬಾಯಿಯಲ್ಲಿ ಪಾಚಿಯೂ ಬ್ಯಾಕ್ಟೀರಿಯಾಗಳೂ ಇನ್ನಷ್ಟು ಬೇಗ ಕಟ್ಟಿಕೊಳ್ಳುವುದರಿಂದ, ಅಂಥವರಿಗೂ ದಿನಕ್ಕೆ ಎರಡು ಬಾರಿ ಬಾಯಿ ಸ್ವಚ್ಛಗೊಳಿಸುವುದು ಅವಶ್ಯ.